ಎರಡನೆಯ ಗುಟುಕಿಗಾಗಿ ಹಪುತಲೆಗೆ

ಹಾನುಬಾಳು, ಹೊರಡುವ ಮುಂಚೆ

ಶ್ರೀಲಂಕಾಕ್ಕೆ ಹೋಗಿ ಬಂದೆ ಎಂದರೆ ಹಾನುಬಾಳಿನಲ್ಲಿ ಎಲ್ಲರೂ ಮೊದಲು ಕೇಳುವುದು ಸಮುದ್ರ ಹೇಗಿತ್ತು ಎಂದು. ವಿಮಾನದ ಕಿಟಕಿಯಿಂದ ಒಂದಿಷ್ಟು ನೀಲಿ ಕಂಡಿತ್ತು. ಅದು ಸಮುದ್ರವೋ ಮೋಡದ ನೆರಳೋ ಈಗ ಖಚಿತವಾಗಿ ಹೇಳಲಾರೆ. ನಾನು ಹೋದದ್ದು ಬೆಟ್ಟಕ್ಕೆ. ಈ ಬೆಟ್ಟ ಇಳಿದು, ಸಮುದ್ರ ದಾಟಿ, ಇನ್ನೊಂದು ಬೆಟ್ಟ ಹತ್ತಿ, ಒಂದು ಮಗುವಿಗೆ ನೀರು ಕೇಳುವುದನ್ನು ಕಲಿಸುವುದು ಹೇಗೆಂದು ನೋಡಿಕೊಂಡು ಬಂದೆ. ಹೀಗೆ ಹೇಳಿದರೆ ಜನ "ಆದ್ರೂ ಸಮುದ್ರ ನೋಡ್ಕಂಡು ಬರಬೋದಾಗಿತ್ತು" ಎನ್ನುತ್ತಾರೆ.

ನಮ್ಮ ಶಾಲೆ ಇರುವುದು ಊರಿನಾಚೆ, ಬಳಕೆ ತಪ್ಪಿದ ಒಂದು ಕಾಫಿ ಸ್ಟೋರಿನಲ್ಲಿ, ಅಂದರೆ ಹಳೆಯ ಗೋದಾಮಿನಲ್ಲಿ. ಮಳೆಗಾಲದಲ್ಲಿ ಗೋಡೆಗಳಿಂದ ಇನ್ನೂ ಹಳೆಯ ಕಾಫಿಯ ವಾಸನೆ ಬರುತ್ತದೆ. ಬುದ್ಧಿ, ಮಾತು, ನಡಿಗೆಯ ಬೆಳವಣಿಗೆಯಲ್ಲಿ ತೊಂದರೆ ಇರುವ ಸುತ್ತಲಿನ ಮಕ್ಕಳು ಬೆಳಿಗ್ಗೆ ಜೀಪಿನಲ್ಲಿ ಬಂದು ಸಂಜೆ ಹೋಗುತ್ತಾರೆ. ಕಲಿಸುವವರು ಇದೇ ಊರುಗಳ ಹೆಂಗಸರು. ಅವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ನಾನು ಮನಶ್ಶಾಸ್ತ್ರ ಓದಿದ್ದೇನೆ ಎಂಬುದಷ್ಟೇ ಅದಕ್ಕೆ ಕಾರಣ. ದೊಡ್ಡ ಊರಿನ ತಜ್ಞರು ಘಾಟಿ ದಾಟಿ ಪದೇ ಪದೇ ಬರುವುದು ಆಗದ ಮಾತು. ಹಾಗಾಗಿ ಕಲಿಸುವುದನ್ನು ಫೋನಿನಲ್ಲಿ ವಿಡಿಯೊ ಮಾಡಿ, ಎಲ್ಲರೂ ಕೂತು ನೋಡಿ, ಅದರಿಂದಲೇ ಕಲಿಯುವ ಕ್ರಮವನ್ನು ಶುರುಮಾಡಿದೆವು.

ಆ ವಿಡಿಯೊಗಳಲ್ಲಿ ನಾವು ಹೆಮ್ಮೆಪಟ್ಟುಕೊಂಡಿದ್ದು ಶ್ರಾವ್ಯಳದ್ದರ ಬಗ್ಗೆ. ಅವಳು ಒಂಬತ್ತು ವರ್ಷದ ಹುಡುಗಿ, ಮಾತಿಲ್ಲ. ಹಸಿವು, ಬಾಯಾರಿಕೆ, ನೋವು ಯಾವುದನ್ನೂ ತಾನಾಗಿ ತಿಳಿಸುವುದಿಲ್ಲ, ಕೂತಲ್ಲೇ ಕೂತಿರುತ್ತಾಳೆ. ಅವಳ ತಾಯಿ ಲೀಲಾ ಎಸ್ಟೇಟಿನ ಕೆಲಸಕ್ಕೆ ಹೋಗುವವಳು, ತಂದೆ ಲಾರಿಯ ಮೇಲೆ ವಾರಗಟ್ಟಲೆ ಹೊರಗಿರುವವನು. ಮಗಳಿಗೆ ನೀರು ಬೇಕೋ, ನಿದ್ದೆ ಬೇಕೋ, ಲೀಲಾ ಅವಳ ಕಣ್ಣು ನೋಡಿ ಹೇಳಿಬಿಡುತ್ತಾಳೆ. ಈಗ ತೊಡಕಾಗಿದ್ದು ಅದೇ. ಲೀಲಾಳಿಗೆ ಗರ್ಭಕೋಶದ ಆಪರೇಷನ್ ಆಗಲೇಬೇಕೆಂದು ಹಾಸನದ ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಆಗ ಶ್ರಾವ್ಯ ಆಲೂರಿನಲ್ಲಿ ಚಿಕ್ಕಮ್ಮ ಜಯಂತಿಯ ಹತ್ತಿರ ಇರಬೇಕು. ಹಿಂದೊಮ್ಮೆ ಲೀಲಾ ಮಗಳನ್ನು ಅಲ್ಲಿ ಬಿಟ್ಟು ಒಂದು ಸಾವಿನ ಮನೆಗೆ ಹೋಗಿ ಸಂಜೆ ಬಂದು ನೋಡಿದರೆ ಹುಡುಗಿಯ ತುಟಿ ಒಣಗಿ ಬಿರಿದಿತ್ತು. ಹೋದ ಕೂಡಲೇ ಕೊಟ್ಟ ಒಂದು ಲೋಟ ನೀರು ಬಿಟ್ಟರೆ ಇಡೀ ದಿನ ಏನೂ ಕುಡಿದಿರಲಿಲ್ಲ. ಜಯಂತಿ ಕೆಟ್ಟವಳಲ್ಲ. ಹುಡುಗಿ ಕೇಳಲಿಲ್ಲ, ಅವಳಿಗೆ ಹೊಳೆಯಲಿಲ್ಲ, ಅಷ್ಟೇ.

"ನಾನು ಆಪರೇಷನ್ ಮಾಡುಸ್ಕಂಡು ಮಲಿಕ್ಕಂಡ್ರೆ ಇವಳಿಗೆ ಬಾಯಾರೈತೆ ಅಂತ ಯಾರಿಗೆ ಗೊತ್ತಾಗ್ತೈತೆ ಟೀಚರೇ? ಇವಳು ಕೇಳಾದು ಕಲೀಲಿ. ಆಮೇಲೆ ಆಸ್ಪತ್ರೆ," ಎಂದು ಲೀಲಾ ದಿನ ಮುಂದೂಡುತ್ತಲೇ ಇದ್ದಳು. ಮುಂದೂಡಿದಷ್ಟೂ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು.

ನಮ್ಮ ವಿಡಿಯೊದಲ್ಲಿ ಶ್ರಾವ್ಯ ಕೇಳುತ್ತಾಳೆ. ಶಾಲೆಯ ಹಿರಿಯ ಟೀಚರ್ ಸರೋಜಕ್ಕ ಲೋಟ ಹಿಡಿದು ಎದುರು ಕೂತಿದ್ದಾರೆ. ಶ್ರಾವ್ಯ ಬೆರಳುಗಳನ್ನು ತುಟಿಗೆ ಮುಟ್ಟಿಸುತ್ತಾಳೆ. ಅದು ನೀರಿಗೆ ನಾವು ಕಲಿಸಿದ ಸನ್ನೆ. ಸರೋಜಕ್ಕ ನೀರು ಕೊಡುತ್ತಾರೆ. ಆ ವಿಡಿಯೊ ತೆಗೆದವಳು ನಾನೇ. ಆದರೆ ಅದೇ ಹುಡುಗಿ ಮನೆಯಲ್ಲಿ ಒಮ್ಮೆಯೂ ತುಟಿಗೆ ಬೆರಳು ತಂದದ್ದಿಲ್ಲ ಎಂದು ಲೀಲಾ ಹೇಳುತ್ತಿದ್ದಳು. ಯಾಕೆಂದು ನಮಗೆ ತಿಳಿಯಲಿಲ್ಲ. ಲಂಕೆಯ ಟೀ ತೋಟಗಳ ನಡುವೆ, ಹಪುತಲೆ ಎಂಬ ಊರಿನಲ್ಲಿ, ನಮ್ಮಂಥದ್ದೇ ಒಂದು ಕೇಂದ್ರವಿದೆ, ಅವರು ವಿಡಿಯೊದಿಂದಲೇ ಟೀಚರುಗಳನ್ನು ತಯಾರು ಮಾಡುತ್ತಾರೆ ಎಂದು ಶಾಲೆಗೆ ನೆರವಾಗುವವರೊಬ್ಬರು ಹೇಳಿ, ಹೋಗಿ ಬರುವ ಏರ್ಪಾಡನ್ನೂ ಮಾಡಿದರು. ಫೋನಿನಲ್ಲಿ ಶ್ರಾವ್ಯಳನ್ನು ಇಟ್ಟುಕೊಂಡು ಹೊರಟೆ.

ಕೊಲಂಬೊ

ಕೊಲಂಬೊದ ಬಗ್ಗೆ ನನಗೆ ನೆನಪಿರುವುದು ಸೆಖೆ ಮತ್ತು ಒಂದು ತಟ್ಟೆ.

ರೈಲು ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಟೀ ಹೇಳಿದೆ. ಟೀಗಿಂತ ಮೊದಲು ಒಂದು ದೊಡ್ಡ ತಟ್ಟೆ ಬಂತು: ಉದ್ದನೆಯ ರೋಲು, ದುಂಡನೆಯ ಕಟ್ಲೆಟ್, ಮೀನು ತುಂಬಿದ ಬನ್ನು, ಇನ್ನೂ ಏನೇನೋ. ನಾನು ಇದನ್ನೆಲ್ಲ ಕೇಳಿರಲಿಲ್ಲ. ಪರದೇಶದವಳೆಂದು ಉಪಚಾರ ಮಾಡುತ್ತಿದ್ದಾರೆ ಎಂದುಕೊಂಡೆ. ನಮ್ಮಲ್ಲಿ ಮನೆಗೆ ಬಂದವರು ತಟ್ಟೆಯಲ್ಲಿ ಬಿಟ್ಟು ಎದ್ದರೆ ಬಡಿಸಿದವರಿಗೆ ಬೇಸರವಾಗುತ್ತದೆ. ಹಾಗಾಗಿ ತಿಂದೆ. ಸಾಕಾದ ಮೇಲೂ ತಿಂದೆ. ಪಕ್ಕದ ಮೇಜಿನ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, ಕೊನೆಗೆ ತಡೆಯಲಾರದೆ ಇಂಗ್ಲಿಷಿನಲ್ಲಿ ಹೇಳಿದರು: ಇಲ್ಲಿ ಎಲ್ಲರ ಮುಂದೆಯೂ ತಟ್ಟೆ ಇಡುತ್ತಾರೆ, ಬೇಕಾದ್ದನ್ನು ಒಂದೋ ಎರಡೋ ತೆಗೆದುಕೊಂಡರೆ ಅಷ್ಟಕ್ಕೇ ಲೆಕ್ಕ, ಉಳಿದದ್ದು ಮುಂದಿನ ಮೇಜಿಗೆ ಹೋಗುತ್ತದೆ. ಮುಂದಿನ ಮೇಜಿನವರು ಆಗಲೇ ನನ್ನ ಖಾಲಿ ತಟ್ಟೆಯನ್ನು ನೋಡುತ್ತಿದ್ದರು. ಹೋಟೆಲಿನವನ ಮುಖದಲ್ಲಿ ಕೋಪವಿರಲಿಲ್ಲ, ಒಂದು ಬಗೆಯ ಗೌರವವಿತ್ತು.

ಈ ಪ್ರಸಂಗವನ್ನು ನಗಿಸುವುದಕ್ಕೆಂದು ಬರೆದುಕೊಂಡಿದ್ದೆ. ಅದು ನಾನು ಹೋದ ಕೆಲಸಕ್ಕೆ ಸೇರಿದ್ದೆಂದು ಆಗ ತಿಳಿದಿರಲಿಲ್ಲ.

ಬೆಟ್ಟದ ರೈಲು

ರೈಲು ಬೆಟ್ಟ ಹತ್ತುವುದಕ್ಕೆ ಇಡೀ ಹಗಲು ತೆಗೆದುಕೊಂಡಿತು. ಜನ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಮ್ಮ ಘಾಟಿಯ ರೈಲಿನಲ್ಲೂ ಹಾಗೆ ಕೂರುವವರಿದ್ದಾರೆ. ಎಡಕುಮೇರಿಯ ಹತ್ತಿರ ಸುರಂಗ ಬಂದಾಗ ಕೂಗು ಹಾಕುತ್ತಾರೆ. ಇಲ್ಲಿಯೂ ಸುರಂಗ ಬಂದಾಗ ಕೂಗಿದರು. ಕತ್ತಲಲ್ಲಿ ಕೂಗುವುದಕ್ಕೆ ದೇಶಭೇದವಿಲ್ಲ ಅನ್ನಿಸಿತು. ಆದರೆ ಎಡಕುಮೇರಿಯಲ್ಲಿ ಸ್ಟೇಷನ್ ಎಂದರೆ ಕಾಡಿನ ನಡುವೆ ಒಂದು ಬೋರ್ಡು, ಇಬ್ಬರು ಮೂವರು ನೌಕರರು. ಇಲ್ಲಿನ ಪುಟ್ಟ ಪುಟ್ಟ ಸ್ಟೇಷನ್ನುಗಳಲ್ಲಿ ಹೂವಿನ ಕುಂಡ, ಬಿಳಿ ಸಮವಸ್ತ್ರದ ಮಾಸ್ತರು. ಒಂದು ಕಡೆ ಆತ ಬೆತ್ತದ ಬಳೆಯಂಥದ್ದನ್ನು ಎತ್ತಿ ಹಿಡಿದ; ಡ್ರೈವರು ರೈಲು ಓಡುತ್ತಿದ್ದಂತೆಯೇ ಕೈ ಚಾಚಿ ಅದನ್ನು ತೆಗೆದುಕೊಂಡ. ಮುಂದಿನ ಹಳಿ ಖಾಲಿ ಇದೆ ಎಂಬುದಕ್ಕೆ ಅದು ಗುರುತಂತೆ. ಬಳೆ ಕೈಗೆ ಬರದಿದ್ದರೆ ರೈಲು ಮುಂದೆ ಹೋಗುವುದಿಲ್ಲ.

ವಡೆ ಮಾರುವವನು ಬಂದ. ವಡೆ ಎಂದೇ ಕೂಗುತ್ತಿದ್ದ. ಮನೆಯ ಪದ ಕಿವಿಗೆ ಬಿದ್ದ ಖುಷಿಗೆ ಕೊಂಡೆ. ಕಾಗದ ಬಿಚ್ಚಿದರೆ ಪ್ರತಿ ವಡೆಯ ಮೇಲೂ ಒಂದು ಇಡೀ ಸೀಗಡಿ ಮೀಸೆ ಸಮೇತ ಕೂತಿತ್ತು. ನಾವು ಹಳ್ಳದ ಏಡಿ ಹಿಡಿದು ಸಾರು ಮಾಡುವ ಜನ, ಸೀಗಡಿಗೆ ಹೆದರಬೇಕಾಗಿಲ್ಲ. ಆದರೆ ವಡೆ ನಮ್ಮನ್ನು ನೋಡುವುದು ಅಭ್ಯಾಸವಿಲ್ಲ.

ಮಧ್ಯಾಹ್ನದ ನಂತರ ಟೀ ತೋಟ ಶುರುವಾಯಿತು. ಒಂದು ಕಾಲಕ್ಕೆ ಈ ಬೆಟ್ಟಗಳಲ್ಲಿ ಕಾಫಿಯೇ ಇತ್ತು, ಎಲೆಗೆ ರೋಗ ಬಂದು ಅದು ಹಾಳಾದ ಮೇಲೆ ಟೀ ಬಂತು ಎಂದು ಓದಿದ್ದೆ. ನಮ್ಮ ಕಾಫಿ ತೋಟದೊಳಗೆ ನಿಂತರೆ ಹತ್ತು ಮಾರು ಆಚೆ ಕಾಣದು. ಇಲ್ಲಿ ಇಡೀ ಗುಡ್ಡ ಕ್ಷೌರ ಮಾಡಿಸಿಕೊಂಡಂತೆ ಕಾಣುತ್ತದೆ. ನಡುನಡುವೆ ನಾವು ನೆರಳಿಗೆ ನೆಡುವ ಸಿಲ್ವರ್ ಓಕ್ ಮರಗಳೇ ಇದ್ದವು. ಅವುಗಳ ಮೇಲೆ ಕಾಳುಮೆಣಸಿನ ಬಳ್ಳಿ ಇರಲಿಲ್ಲ. ಅಂಗಿ ಹಾಕಿಕೊಳ್ಳದೆ ನಿಂತ ನೆಂಟರನ್ನು ಕಂಡ ಹಾಗಾಯಿತು.

ಹಪುತಲೆ, ಮೊದಲ ದಿನ

ಕೇಂದ್ರ ಇರುವುದು ಬೆಟ್ಟದ ನೆತ್ತಿಯ ಒಂದು ಏಣಿನ ಮೇಲೆ. ಒಂದು ಪಕ್ಕದಿಂದ ಮಂಜು ಒಳಗೆ ಬಂದು ಇನ್ನೊಂದು ಪಕ್ಕದಿಂದ ಹೊರಗೆ ಹೋಗುತ್ತದೆ. ಅಲ್ಲಿ ತರಬೇತಿ ನೋಡಿಕೊಳ್ಳುವ ದೇವಿಕಾ ನನಗಿಂತ ಸ್ವಲ್ಪ ದೊಡ್ಡವರು. ಟೀ ತೋಟದ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ ಹುಟ್ಟಿ, ಅಲ್ಲಿಯೇ ಓದಿ ಟೀಚರಾದವರು. ಲೈನಿಗೆ ಅವರೂ ಲೈನೆಂದೇ ಅನ್ನುತ್ತಾರೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟರಿಗೆ ಮಾತ್ರ ಅಲ್ಲಿ ಬೇರೆ ಹೆಸರು.

ನಾವು ತಮಿಳಿನಲ್ಲಿ ಮಾತಾಡಿದೆವು. ನನ್ನ ತಮಿಳು ಚಿಕ್ಕಂದಿನಲ್ಲಿ ಎಸ್ಟೇಟ್ ಲೈನಿನ ಮಕ್ಕಳ ಜೊತೆ ಆಡಿ ಕಲಿತದ್ದು. ಅದರಲ್ಲಿ ಜಗಳದ ಮಾತು ಸಲೀಸು, ಮರ್ಯಾದೆಯ ಮಾತು ಗೊತ್ತಿಲ್ಲ. ಮೊದಲ ಸಲ ಬಾಯಿ ತೆರೆದಾಗ ದೇವಿಕಾ ಅವರನ್ನು ಏಕವಚನದಲ್ಲಿ 'ಎಲ್ಲಿಗೆ ಹೋಗಿದ್ದೆ' ಎಂದು ಕೇಳಿದೆನಂತೆ. ಸುತ್ತಲಿದ್ದ ಟೀಚರುಗಳು ಸೆರಗು ಬಾಯಿಗಿಟ್ಟುಕೊಂಡರು. "ಪರವಾಗಿಲ್ಲ," ಎಂದರು ದೇವಿಕಾ. "ನನ್ನ ಅಜ್ಜಿ ಹೋದಮೇಲೆ ನನ್ನನ್ನ ಹೀಗೆ ಮಾತಾಡಿಸೋರೇ ಇರಲಿಲ್ಲ." ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರು ಆಡಿದ್ದು ಇದೇ ಎಂದು ಆಣೆ ಮಾಡಲಾರೆ.

ಕೂತ ಕೂಡಲೇ ಹಾಲಿಲ್ಲದ ಟೀ ಬಂತು, ಜೊತೆಗೆ ಅಂಗೈಯಲ್ಲಿ ಒಂದು ತುಂಡು ಕಪ್ಪು ಬೆಲ್ಲ. ಬೆಲ್ಲ ಕಚ್ಚಬೇಕು, ಟೀ ಹೀರಬೇಕು. ಬೆಲ್ಲ ಕಬ್ಬಿನದ್ದಲ್ಲ, ನಮ್ಮಲ್ಲೂ ಇರುವ ಬಗನಿ ಮರದ ರಸದ್ದು. ನಮ್ಮಲ್ಲಿ ಆ ಮರದಿಂದ ಸೇಂದಿ ಇಳಿಸುತ್ತಾರೆ ಎಂದೆ. ಇಲ್ಲಿಯೂ ಇಳಿಸುತ್ತಾರೆ, ಆದರೆ ಅದನ್ನು ಅತಿಥಿಗೆ ಬೆಳಿಗ್ಗೆ ಕೊಡುವುದಿಲ್ಲ ಎಂದರು.

ಅವರ ವಿಡಿಯೊಗಳು ಅರ್ಧ ನಿಮಿಷಕ್ಕಿಂತ ಉದ್ದವಿಲ್ಲ. ಮಗುವಿನ ಮುಖ ಇರುವುದಿಲ್ಲ, ಕೈಗಳು ಮಾತ್ರ. ಧ್ವನಿ ಮುಚ್ಚಿ ನೋಡುತ್ತಾರೆ. ನೋಡುವವರಿಗೆ ಒಂದು ಕಟ್ಟಲೆ: 'ಮಗು ಕೇಳಿತು', 'ಮಗುವಿಗೆ ಬೇಕಾಗಿತ್ತು' ಎನ್ನುವ ಹಾಗಿಲ್ಲ. ಕೈ ಮೇಲೆ ಹೋಯಿತು, ತಟ್ಟೆ ಕೆಳಗೆ ಬಂತು, ಹೀಗೆ ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಬೇಕು. ನನಗೆ ಇದು ಬಹಳ ಹಿಡಿಸಿತು. ದಿನಚರಿ ಬರೆಯುವಾಗ ನನ್ನನ್ನು ಕಾಡುವುದು ಇದೇ: ಕಂಡದ್ದು ಎಲ್ಲಿ ಮುಗಿಯಿತು, ನಾನು ಸೇರಿಸಿದ್ದು ಎಲ್ಲಿ ಶುರುವಾಯಿತು ಎಂಬುದು.

ಹಿಡಿಸಿದ್ದು ನನ್ನ ವಿಡಿಯೊ ಹಾಕುವವರೆಗೆ.

ಧ್ವನಿ ಇಲ್ಲದೆ ಶ್ರಾವ್ಯ ಪರದೆಯ ಮೇಲೆ ಬಂದಳು. ಹಾನುಬಾಳಿನ ಸ್ಟೋರಿನ ಕೆಂಪು ಗಾರೆ ನೆಲ, ಸರೋಜಕ್ಕನ ಹಸಿರು ಬಳೆ, ಸ್ಟೀಲ್ ಲೋಟ. ಟೀಚರುಗಳು ಒಬ್ಬೊಬ್ಬರಾಗಿ ಹೇಳುತ್ತಾ ಹೋದರು. "ಲೋಟ ಮುಂದೆ ಬಂತು." "ಕೈ ತುಟಿಗೆ ಹೋಯಿತು." "ಲೋಟ ಕೈಗೆ ಬಂತು."

"ಇಲ್ಲ," ಎಂದೆ. "ಕೈ ಮೊದಲು ಹೋಗಿದ್ದು. ಲೋಟ ಆಮೇಲೆ ಬಂದಿದ್ದು. ನಾನು ಅಲ್ಲೇ ನಿಂತಿದ್ದೆ."

"ಮತ್ತೆ ನೋಡೋಣ," ಎಂದರು ದೇವಿಕಾ.

ಮತ್ತೆ ನೋಡಿದೆವು. ಸರೋಜಕ್ಕನ ಮೊಣಕೈ ಬಿಚ್ಚಿಕೊಂಡು, ಲೋಟ ಒಂದು ಗೇಣು ಮುಂದೆ ಬಂದ ಮೇಲೆ ಶ್ರಾವ್ಯಳ ಬೆರಳುಗಳು ಏಳುತ್ತವೆ. ಬೇರೆ ದಿನದ ವಿಡಿಯೊ ಹಾಕಿದೆವು. ಅಲ್ಲಿಯೂ ಲೋಟವೇ ಮೊದಲು. ಅಂದರೆ ಶ್ರಾವ್ಯಳಿಗೆ ತುಟಿಗೆ ಬೆರಳು ಮುಟ್ಟಿಸುವುದು ನೀರು ಕೇಳುವ ಬಗೆಯಾಗಿರಲಿಲ್ಲ. ಲೋಟ ಹತ್ತಿರ ಬಂದಾಗ ಮಾಡಬೇಕಾದ ಒಂದು ಶಾಸ್ತ್ರವಾಗಿತ್ತು. ಮನೆಯಲ್ಲಿ ಲೀಲಾ ಕಣ್ಣು ನೋಡಿಯೇ ಲೋಟವನ್ನು ನೇರ ಬಾಯಿಗೆ ಹಿಡಿದುಬಿಡುತ್ತಾಳೆ. ಲೋಟವೇ ಬಾರದ ಕಡೆ, ಆಲೂರಿನಲ್ಲಿ, ಅವಳು ಬೆರಳೆತ್ತಲು ಕಾರಣವೇ ಇರಲಿಲ್ಲ.

ಎಷ್ಟು ಸಲ ನೋಡಿದ್ದೆವು ಅದನ್ನು. ನಾನು, ಸರೋಜಕ್ಕ, ಎಲ್ಲರೂ. ಎಲ್ಲರಿಗೂ ಕೈಯೇ ಮೊದಲು ಕಂಡಿತ್ತು.

ಹಪುತಲೆ, ಎರಡನೆಯ ದಿನ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ನಮ್ಮ ಕಡೆಯ ಆನೆಗಳ ಬಗ್ಗೆ ಅರಣ್ಯ ಇಲಾಖೆಯವರ ಸಂದೇಶ ಬಂದಿತ್ತು. ಗುಂಪು ಯಾವ ಎಸ್ಟೇಟಿನಲ್ಲಿದೆ, ಯಾವ ರಸ್ತೆಯಲ್ಲಿ ಓಡಾಡಬಾರದು ಎಂದು ದಿನವೂ ಬರುತ್ತದೆ. ಇಷ್ಟು ದೂರಕ್ಕೂ ಬಂತಲ್ಲ ಎನ್ನಿಸಿ ದೇವಿಕಾಗೆ ತೋರಿಸಿದೆ. ಹಪುತಲೆಯ ಟೀ ತೋಟದಲ್ಲಿ ಆನೆ ಇಲ್ಲ, ಚಿರತೆ ಇದೆಯಂತೆ. "ಚಿರತೆ ಮೊದಲೇ ಹೇಳಿ ಬರೋದಿಲ್ಲ," ಎಂದರು.

ನಂತರ ಅವರು ತಮ್ಮ ಕತೆ ಹೇಳಿದರು. ಬಹಳ ಹಿಂದೆ ಯಾವುದೋ ಚಳಿದೇಶದಿಂದ ಇವರಿಗೆ ತರಬೇತಿಯ ವಿಡಿಯೊ ಬಂದಿತ್ತು. ಅದರಲ್ಲಿ ಒಬ್ಬ ಟೀಚರು ಮಗುವಿನ ಎದುರು ಹಣ್ಣಿನ ರಸ ಹಿಡಿದು, ಮಗು ಕೇಳುವವರೆಗೆ ಕದಲದೆ ಕೂರುತ್ತಾಳೆ. ಮಗು ಅಳುತ್ತದೆ. ಆಕೆ ಕಾಯುತ್ತಾಳೆ. ನೋಡುತ್ತಾ ನೋಡುತ್ತಾ ಇಲ್ಲಿನ ಹಿರಿಯ ಟೀಚರೊಬ್ಬರು ಎದ್ದು ಹೋಗಿ, ಪಕ್ಕದ ಕೋಣೆಯಲ್ಲಿದ್ದ ಮಗುವೊಂದಕ್ಕೆ ನೀರು ಕುಡಿಸಿ ಬಂದರಂತೆ.

"ಅವರ ದೇಶದಲ್ಲಿ ಕೇಳಿದ ಮೇಲೆ ಕೊಡೋದು ಮರ್ಯಾದೆ," ಎಂದರು ದೇವಿಕಾ. "ನಮ್ಮಲ್ಲಿ? ಟೀ ಅಂಗಡೀಲಿ ಕೂತರೆ ಕೇಳೋ ಮೊದಲೇ ತಟ್ಟೆ ಬರುತ್ತೆ. ಬಾಯಿಬಿಟ್ಟು ಕೇಳಿಸಿಕೊಂಡು ಕೊಟ್ಟರೆ ಅದು ಕೊಟ್ಟ ಹಾಗೇ ಅಲ್ಲ. ನಮ್ಮ ಟೀಚರುಗಳ ಕೈ ಹೇಗೆ ತಡೆಯುತ್ತೆ ಹೇಳಿ."

ನಾನು ಕೊಲಂಬೊದ ತಟ್ಟೆಯ ಕತೆ ಹೇಳಿದೆ. ಟೀಚರುಗಳು ಬಹಳ ನಕ್ಕರು. ನಗು ಮುಗಿದ ಮೇಲೆ ನನಗೆ ನಮ್ಮ ಕಡೆಯ ಮನೆಗಳು ನೆನಪಾದವು. ಯಾರೇ ಹೊಸ್ತಿಲು ದಾಟಲಿ, ಕೂತಾಗುವುದರೊಳಗೆ ಬೆಲ್ಲ, ನೀರು ಬರುತ್ತದೆ. ಬಂದವರು 'ಸ್ವಲ್ಪ ನೀರು ಕೊಡಿ' ಎಂದು ಬಾಯಿಬಿಟ್ಟು ಕೇಳುವಂತಾದರೆ ಮನೆಯ ಹೆಂಗಸರು ಅದನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಸರೋಜಕ್ಕ ಅಂಥ ಮನೆಯವರು. ಅವರ ಮೊಣಕೈಗೆ ಈ ಪಾಠ ನಾನು ಕಲಿಸುವುದಕ್ಕಿಂತ ಬಹಳ ಮೊದಲೇ ಬೇರೆ ಪಾಠ ಆಗಿತ್ತು.

ಹಪುತಲೆಯವರು ಕಂಡುಕೊಂಡ ದಾರಿ ಸರಳವಾಗಿತ್ತು. ಮೊದಲ ತುಂಡನ್ನು ಕೇಳದೆಯೇ ಕೊಟ್ಟುಬಿಡುವುದು. ಆದರೆ ಚಿಕ್ಕ ತುಂಡು. ಮರ್ಯಾದೆ ಅಲ್ಲಿಗೆ ಮುಗಿಯಿತು. ಆಮೇಲೆ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೇರೆ ಕಡೆ ನೋಡುವುದು. ಎರಡನೆಯದನ್ನು ಮಗುವೇ ಕೇಳಬೇಕು.

"ನೀವು ಮಾಡಿ ನೋಡಿ," ಎಂದರು.

ಒಂದು ಪುಟ್ಟ ಹುಡುಗಿಯ ಎದುರು ಕೂತೆ. ಬಿಸ್ಕತ್ತಿನ ಚೂರೊಂದನ್ನು ಕೊಟ್ಟೆ. ತಟ್ಟೆಯನ್ನು ಮಡಿಲಲ್ಲಿಟ್ಟು ಕಿಟಕಿಯ ಕಡೆ ನೋಡಿದೆ. ಮಂಜು ಒಳಗೆ ಬರುತ್ತಿತ್ತು. ಹುಡುಗಿ ಕೈ ಚಾಚಿದಳು, ಕೊಟ್ಟೆ. ಚೆನ್ನಾಗಿ ಕಾದೆ ಎನಿಸಿತು. ಬಹಳ ಹೊತ್ತು ಎಂದೇ ಅನಿಸಿತು. ಆಮೇಲೆ ವಿಡಿಯೊ ಹಾಕಿದರು. ಪರದೆಯ ಮೇಲೆ ನಾನು ಕಿಟಕಿಯ ಕಡೆ ನೋಡುತ್ತಿದ್ದೇನೆ. ನನ್ನ ಬಲಗೈ ಮಾತ್ರ ತನ್ನಷ್ಟಕ್ಕೆ ಬಿಸ್ಕತ್ತು ಹಿಡಿದು ಹುಡುಗಿಯ ಕಡೆ ಹೋಗುತ್ತಿದೆ. "ಕೈ ಮುಂದೆ ಬಂತು," ಎಂದು ಟೀಚರುಗಳೆಲ್ಲ ಒಟ್ಟಿಗೆ ಹೇಳಿದರು. ಕೊನೆಗೆ ದೇವಿಕಾ ನನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಲು ಹೇಳಿದರು. ಇಲ್ಲಿ ಹೊಸ ಟೀಚರುಗಳೆಲ್ಲ ಕೆಲವು ದಿನ ಹಾಗೆಯೇ ಕೂರುತ್ತಾರಂತೆ.

ಸಂಜೆ ಸರೋಜಕ್ಕನಿಗೆ ಫೋನು ಮಾಡಿದೆ. ಪರದೆಯಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು. ಲೋಟ ಮೊದಲು ಬರುತ್ತಿದೆ ಎಂದು ಹೇಳಿದೆ.

"ನಾನಾ? ನಾನು ಕಾದೆ ಕಣ್ರೀ ಟೀಚರೇ. ನೀವೇ ಪಕ್ಕದಲ್ಲಿ ನಿಂತಿದ್ರಿ."

"ನಿಂತಿದ್ದೆ ಸರೋಜಕ್ಕ. ನಂಗೂ ಹಾಗೇ ಕಂಡಿತ್ತು. ವಿಡಿಯೊದಲ್ಲಿ ಬೇರೆ ಇದೆ."

ಹಣೆ ಗಂಟಿಕ್ಕಿತು. "ಅಷ್ಟು ದೂರ ಹೋಗಿ ಮಗೀಗೆ ನೀರು ಕೊಡಬ್ಯಾಡಿ ಅಂತ ಕಲ್ತ್ರಾ? ಯಾವ ಸೀಮೆ ಪಾಠ ಮಾರಾಯ್ರೆ. ನನ್ನ ಕೈಲಿ ಆಗಲ್ಲ. ಬಾಯಿಲ್ಲದ ಕೂಸು ಅದು."

"ಕೊಡಬೇಡಿ ಅಂತಲ್ಲ. ಮೊದಲು ಒಂದು ಗುಟುಕು ನೀವೇ ಕೊಟ್ಟುಬಿಡಿ. ಕೇಳೋದು ಬೇಡ. ಲೋಟದಲ್ಲಿ ಒಂದೇ ಗುಟುಕು ಇರಲಿ. ಅದು ಮುಗಿದ ಮೇಲೆ ಸುಮ್ಮನಿರಿ."

"ಓ," ಎಂದರು. ಹಣೆ ಹೋಗಿ ಮುಖ ಬಂತು. "ಎರಡನೆ ಸಲ ಬಡ್ಸಿದಂಗೆ ಅನ್ನಿ. ಅದಾದ್ರೆ ಸೈ. ಮೊದಲ್ನೆ ತುತ್ತು ನಾವು ಬಡಿಸ್ಬೇಕು. ಎರಡನೆ ಸಲ ಅನ್ನ ಹಾಕಿ ಅಂತ ಕೇಳಕ್ಕೆ ಯಾರಿಗೆ ನಾಚ್ಕೆ? ಕೇಳುದ್ರೆ ಬಡ್ಸೋರಿಗೂ ಚಂದ." ಆಮೇಲೆ, "ಅಲ್ಲಿ ಊಟ ಹೆಂಗೈತೆ? ಬರೀ ಮೀನಂತಲ್ಲ?" ಎಂದು ಕೇಳಿದರು.

ವಡೆಯ ವಿಷಯ ಹೇಳಿದೆ. ಅವರು ನಂಬಲಿಲ್ಲ.

ಮರಳಿ ಬಂದು

ಬಂದಾಗ ಕಾಫಿ ಹಣ್ಣು ಕೆಂಪಾಗತೊಡಗಿತ್ತು. ಕೊಯ್ಲು ಶುರುವಾದರೆ ಲೀಲಾ ಆಸ್ಪತ್ರೆಯ ಮಾತನ್ನೇ ಎತ್ತುವುದಿಲ್ಲ ಎಂದು ನಮಗೆ ಗೊತ್ತಿತ್ತು.

ಸರೋಜಕ್ಕ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತರು. ಮೊದಲ ದಿನಗಳಲ್ಲಿ ಶ್ರಾವ್ಯ ಒಂದು ಗುಟುಕು ಕುಡಿದು ಖಾಲಿ ಲೋಟ ನೋಡುತ್ತಾ ಕೂತಳು. ಸರೋಜಕ್ಕ ಗೋಡೆ ನೋಡುತ್ತಾ ಕೂತರು. ಇಬ್ಬರಲ್ಲಿ ಯಾರಿಗೆ ಹೆಚ್ಚು ಕಷ್ಟವಾಗುತ್ತಿತ್ತು ಎಂದು ಹೇಳುವುದು ಕಷ್ಟ. ಒಮ್ಮೆ ಸರೋಜಕ್ಕ ಎದ್ದು ಹೊರಗೆ ಹೋಗಿ, ಜೀಪಿನ ಡ್ರೈವರನಿಗೆ ಕಾರಣವಿಲ್ಲದೆ ಬೈದು ಬಂದರು. ವಿಡಿಯೊಗಳನ್ನು ಧ್ವನಿ ಮುಚ್ಚಿ ನೋಡಿದೆವು. ಮೊಣಕೈ ಬಿಚ್ಚಿಕೊಂಡದ್ದು, ಗಲ್ಲ ಮುಂದೆ ಬಂದದ್ದು, ಹುಬ್ಬು ಎದ್ದದ್ದು, ಎಲ್ಲವನ್ನೂ ಹೇಳಿದೆವು. "ನನ್ನ ಹುಬ್ಬನ್ನೂ ಕಟ್ಟಾಕಿ ಇನ್ನ," ಎಂದರು ಸರೋಜಕ್ಕ. ಆಮೇಲೊಂದು ದಿನದ ವಿಡಿಯೊದಲ್ಲಿ ಸರೋಜಕ್ಕ ಕದಲಿರಲಿಲ್ಲ. ಕೈ ತುಟಿಗೆ ಹೋಯಿತು. ಆಮೇಲೆ ಲೋಟ ಬಂತು. ಎಲ್ಲರೂ ಮತ್ತೊಮ್ಮೆ ಹಾಕಿಸಿ ನೋಡಿದರು, ನನ್ನನ್ನೂ ಸೇರಿಸಿ ಯಾರಿಗೂ ತಮ್ಮ ಕಣ್ಣಿನ ಮೇಲೆ ನಂಬಿಕೆ ಉಳಿದಿರಲಿಲ್ಲ.

ಲೀಲಾಳಿಗೆ ತೋರಿಸಿದೆವು. ನೋಡಿದಳು. "ಸರೋಜಕ್ಕನ್ನ ಕೇಳ್ತಾಳೆ ಸರಿ," ಎಂದಳು. "ನನ್ನ ತಂಗೀನ ಕೇಳ್ತಾಳಾ?"

ಅದಕ್ಕೆ ನಮ್ಮಲ್ಲಿ ವಿಡಿಯೊ ಇರಲಿಲ್ಲ.

ಆಲೂರು

ಒಂದು ಭಾನುವಾರ ನಾನು, ಲೀಲಾ, ಶ್ರಾವ್ಯ ಬಸ್ಸಿನಲ್ಲಿ ಆಲೂರಿಗೆ ಹೋದೆವು. ಜಯಂತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಗೋಡೆಯ ತುಂಬ ತೋಳಿಲ್ಲದ, ಅರ್ಧ ಹೊಲಿದ ರವಿಕೆಗಳು. ಕೂರುವ ಮೊದಲೇ ಬೆಲ್ಲ ಬಂತು, ತುಂಬಿದ ಲೋಟಗಳು ಬಂದವು.

"ಶ್ರಾವ್ಯಳಿಗೆ ಒಂದೇ ಗುಟುಕು ಹಾಕಿ ಸಾಕು," ಎಂದೆ.

ಜಯಂತಿ ನನ್ನನ್ನು ನೋಡಿ, ಅಕ್ಕನನ್ನು ನೋಡಿದಳು. "ಯಾಕ್ ಮೇಡಮ್, ನಮ್ಮೂರಲ್ಲಿ ನಲ್ಲೀಲಿ ನೀರು ಬರ್ತದೆ ಕಣ್ರೀ."

"ಹಾಕೇ, ಹೇಳ್ದಷ್ಟು," ಎಂದಳು ಲೀಲಾ.

ಒಂದು ಗುಟುಕು ಹಾಕಿದಳು. ಅದನ್ನು ಹಾಕುವಾಗ ಬೀದಿಯವರು ನೋಡುತ್ತಾರೇನೋ ಎಂಬಂತೆ ಬಾಗಿಲ ಕಡೆ ತಿರುಗಿ ನೋಡಿದಳು. ಶ್ರಾವ್ಯ ಕುಡಿದಳು. ಜಯಂತಿಗೆ ಮದುವೆಮನೆಯ ರವಿಕೆ ಕೊಡುವುದಿತ್ತು. ನಮಗೆ ಬೆನ್ನು ಹಾಕಿ ಮಿಷನ್ನಿನ ಮುಂದೆ ಕೂತಳು. ಅವಳಿಗೆ ನಾವು ಏನೂ ಹೇಳಿರಲಿಲ್ಲ. ಹೇಳಿದ್ದರೆ ಅವಳು ತಿರುತಿರುಗಿ ನೋಡುತ್ತಿದ್ದಳು. ಫೋನನ್ನು ನಾನು ಚೀಲದಿಂದ ತೆಗೆಯಲಿಲ್ಲ. ವಿಡಿಯೊ ಮಾಡಬೇಕೆಂದರೆ ಶ್ರಾವ್ಯಳ ಎದುರು ಬಂದು ನಿಲ್ಲಬೇಕು. ನಾನು ಎದುರು ನಿಂತರೆ ಅವಳು ಕೇಳುವುದು ನನ್ನನ್ನು.

ಮಿಷನ್ ಓಡುತ್ತಿತ್ತು. ಲೀಲಾ ಕ್ಯಾಲೆಂಡರ್ ನೋಡುತ್ತಾ ಕೂತಳು. ಅವಳ ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು. ಒಂದು ಸಲ ಏಳಲು ಹೋದಳು. ಅವಳ ಸೆರಗಿನ ತುದಿ ನನ್ನ ತೊಡೆಯ ಕೆಳಗಿತ್ತು, ನಾನು ಸರಿಯಲಿಲ್ಲ. ನನ್ನ ಎರಡು ಕೈಗಳೂ ಅಲ್ಲಿಯೇ ಇದ್ದವು.

ಶ್ರಾವ್ಯ ಖಾಲಿ ಲೋಟ ನೋಡಿದಳು. ಅಮ್ಮನ ಕಡೆ ನೋಡಿದಳು. ಅಮ್ಮ ಕ್ಯಾಲೆಂಡರ್ ನೋಡುತ್ತಿದ್ದಳು. ಬೆರಳುಗಳು ತುಟಿಗೆ ಹೋದವು. ಜಯಂತಿಯ ಬೆನ್ನಿಗೆ ಅದು ಕಾಣಿಸಲಿಲ್ಲ. ಮಿಷನ್ ಓಡುತ್ತಲೇ ಇತ್ತು. ಇದನ್ನು ನಾವು ಯಾರೂ ಯೋಚಿಸಿರಲಿಲ್ಲ. ನಮ್ಮ ಎಲ್ಲ ವಿಡಿಯೊಗಳಲ್ಲಿ, ಹಪುತಲೆಯವರದ್ದರಲ್ಲೂ, ಟೀಚರು ಮಗುವಿನ ಎದುರೇ ಕೂತಿರುತ್ತಾರೆ. ಬೆನ್ನು ಹಾಕಿದವರನ್ನು ಕೇಳುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ಶ್ರಾವ್ಯ ಎದ್ದಳು. ಲೋಟ ಹಿಡಿದುಕೊಂಡು ಹೋಗಿ ಮಿಷನ್ನಿನ ಮೇಲೆ, ಹೊಲಿಯುತ್ತಿದ್ದ ಬಟ್ಟೆಯ ಮೇಲೇ ಇಟ್ಟಳು. ಮಿಷನ್ ನಿಂತಿತು.

"ಏನೇ ಮರಿ?" ಎಂದಳು ಜಯಂತಿ. ಲೋಟ ನೋಡಿದಳು. "ಮುಗೀತಾ? ತಡಿ, ತರ್ತೀನಿ. ಅದ್ಕೇ ಆಗ್ಲೇ ತುಂಬ ತಂದಿದ್ದು. ಕೇಳುದ್ರಾ ನೀವು?" ಒಳಗೆ ಹೋಗಿ ಅಂಚಿನವರೆಗೆ ತುಂಬಿಸಿ ತಂದಳು. ಬಟ್ಟೆಯ ಮೇಲೆ ನೀರು ತುಳುಕಿತು. ಈ ಸಲ ನಾನು ಏನೂ ಹೇಳಲಿಲ್ಲ.

ಮರಳಿ ಬರುವ ಬಸ್ಸಿನಲ್ಲಿ ನನಗೂ ಲೀಲಾಳಿಗೂ ಸಣ್ಣದೊಂದು ವಾದವಾಯಿತು. ಶ್ರಾವ್ಯಳ ಕೈ ಎರಡು ಸಲ ತುಟಿಗೆ ಹೋಯಿತು ಎಂದು ಅವಳು, ಒಂದೇ ಸಲ ಎಂದು ನಾನು. ಅವಳು ಕ್ಯಾಲೆಂಡರ್ ನೋಡುತ್ತಿದ್ದಳಲ್ಲ, ಹೇಗೆ ಕಂಡಿತು ಎಂದೆ. "ಕಾಣ್ತೈತೆ ಬುಡಿ," ಎಂದಳು. ಮತ್ತೆ ಹಾಕಿ ನೋಡುವುದಕ್ಕೆ ಏನೂ ಇರಲಿಲ್ಲ. ಇನ್ನು ಕೆಲವು ವರ್ಷ ಕಳೆದರೆ ನಾನು ಮೂರು ಸಲ ಎಂದು ಹೇಳುತ್ತಿದ್ದರೂ ಹೇಳುತ್ತಿರಬಹುದು. ಆದ್ದರಿಂದ ಇಬ್ಬರೂ ಒಪ್ಪುವಷ್ಟನ್ನು ಹಪುತಲೆಯ ಕಟ್ಟಲೆಯಲ್ಲಿ ಬರೆದಿಡುತ್ತಿದ್ದೇನೆ. ಲೋಟ ಮಿಷನ್ನಿನ ಮೇಲೆ ಬಂತು. ಮಿಷನ್ ನಿಂತಿತು. ಚಿಕ್ಕಮ್ಮ ಎದ್ದಳು.

ಶ್ರಾವ್ಯ ಕಿಟಕಿಯ ಪಕ್ಕ ನಿದ್ದೆ ಹೋಗಿದ್ದಳು. ಲೀಲಾ ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು, ನನ್ನ ಕಡೆ ತಿರುಗದೆ ಹೇಳಿದಳು.

"ನಾಳೆ ಹಾಸನಕ್ಕೆ ಹೋಗಿ ಡಾಕ್ಟರ ಹತ್ರ ದಿನ ಹಾಕುಸ್ಕಂಡು ಬರ್ತೀನಿ ಟೀಚರೇ. ಜೀಪಲ್ಲಿ ಕಳುಸ್ಬ್ಯಾಡಿ, ನಾನು ಬರೋವರ್ಗೂ ಇವಳನ್ನ ಸ್ಕೂಲಲ್ಲೇ ಇರುಸ್ಕಳಿ."